ಮಿಂಟ್ ಕೆಲಸ: ಎಸ್‌ಎಸ್‌ಡಿ ಹಂಚಿಕೆ ಆಯ್ತು, ಹಳೇ ಡಿಸ್ಕ್ ಮಳೆ ನಿಂತ ಮೇಲೆ

ಗೋಣಿಕೊಪ್ಪಲಿನ ಮನೆ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಈ ಹಳೇ ಡಬ್ಬಕ್ಕೆ 11 ಹತ್ತುವುದಿಲ್ಲ.

ಇಡೀ ಡಿಸ್ಕ್ ಅಳಿಸಿ ಹಾಕಲಾ ಅಂತ ಇನ್‌ಸ್ಟಾಲರ್ ಕೇಳುತ್ತದೆ. ಒಂದೇ ಡಿಸ್ಕ್ ಇದ್ದು, ಉಳಿಸಿಕೊಳ್ಳುವಂಥದ್ದು ಏನೂ ಇಲ್ಲದಿದ್ದರೆ ಹೂಂ ಅನ್ನಿ, ತಲೆನೋವಿಲ್ಲ. ನಮ್ಮಲ್ಲಿ ಎರಡಿವೆ: ಹೊಸ 240 ಜಿಬಿ ಎಸ್‌ಎಸ್‌ಡಿ, ಹಳೇ 1 ಟಿಬಿ ಹಾರ್ಡ್ ಡಿಸ್ಕ್. ಹಳೇದರಲ್ಲಿ ತೋಟದ ಮಳೆ ಲೆಕ್ಕ ಇದೆ. ಅಪ್ಪ ಡೈರಿಯಲ್ಲಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಟ್ಟದ್ದನ್ನೆಲ್ಲ ಶೀಟಿಗೆ ಏರಿಸಿದ್ದೇನೆ. ಕಾಫಿ ಅರಳಿಸುವ ಹೂಮಳೆ ಯಾವಾಗ ಬಿತ್ತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬಂತಾ ಇಲ್ವಾ, ಎಲ್ಲ ಅಲ್ಲೇ. ಅದರದೊಂದು ನಕಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಡಿಸ್ಕನ್ನು ಕೈಯಾರೆ ಹಂಚಲು ಬಿಡುವ 'ಸಮ್‌ಥಿಂಗ್ ಎಲ್ಸ್' ಒತ್ತಿದೆ.

ಒಳಗೆ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರಿಟ್ಟ ಸಾಲುಗಳು. ಹೆಸರು ನಂಬಬೇಡಿ, ಗಾತ್ರ ನೋಡಿ. ನಮ್ಮಲ್ಲಿ ಹಳೇ ಡಿಸ್ಕೇ ಎಸ್‌ಡಿಎ ಆಗಿ ಮೇಲೆ ಕೂತಿತ್ತು. 240057 ಎಂಬಿ ಅಂತ ಇದ್ದದ್ದು ಎಸ್‌ಎಸ್‌ಡಿ. ಅದಕ್ಕೆ ಮಾತ್ರ ಹೊಸ ಜಿಪಿಟಿ ಟೇಬಲ್, ಅಂದರೆ ಡಿಸ್ಕಿನ ಭಾಗಗಳ ಪಟ್ಟಿ.

ಕಂಪ್ಯೂಟರ್ ಶುರುವಾಗಲು ಬೇಕಾದ ಇಎಫ್‌ಐ ಭಾಗಕ್ಕೆ 512 ಎಂಬಿ. ಮಿಂಟ್ ಕೂರುವ ರೂಟ್‌ಗೆ 60 ಜಿಬಿ, ಇಎಕ್ಸ್‌ಟಿ4 (ಲಿನಕ್ಸಿನ ಫಾರ್ಮ್ಯಾಟ್). ರ‍್ಯಾಮ್ 8 ಜಿಬಿ, ಹಾಗಾಗಿ ರ‍್ಯಾಮಿಗೆ ಆಸರೆಯಾಗುವ ಸ್ವಾಪ್‌ಗೆ 10 ಜಿಬಿ. ಹೈಬರ್ನೇಟ್ ಮಾಡಿದರೆ, ಅಂದರೆ ತೆರೆದ ಕೆಲಸ ಹಾಗೇ ಉಳಿಸಿ ಆರಿಸಿದರೆ, ರ‍್ಯಾಮಿನಲ್ಲಿದ್ದದ್ದು ಅಲ್ಲಿಗೇ ಇಳಿಯಬೇಕಲ್ಲ. (ಹೈಬರ್ನೇಟ್ ಇನ್ನೂ ಪರೀಕ್ಷಿಸಬೇಕು.) ಉಳಿದದ್ದೆಲ್ಲ ನಮ್ಮ ಕಡತಗಳು ಕೂರುವ ಹೋಮ್. ಇಷ್ಟೆಲ್ಲ ಕೈಯಾರೆ ಮಾಡಿದ್ದೇ ಹೋಮ್ ಬೇರೆ ಇರಲಿ ಅಂತ. ನಾಳೆ ಮಿಂಟ್ ಕೆಟ್ಟರೆ ರೂಟ್ ಮಾತ್ರ ಅಳಿಸಿ ಮತ್ತೆ ಹಾಕಬಹುದು. ಆಗ ಹೋಮ್ ಸಾಲಿನ ಫಾರ್ಮ್ಯಾಟ್ ಚೌಕಕ್ಕೆ ಟಿಕ್ ಹಾಕದಿದ್ದರಾಯ್ತು.

ಬಾಕಿ ಇರೋದು ಹಳೇ ಡಿಸ್ಕ್. ಮಿಂಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್‌ಗಳನ್ನು ಅಲ್ಲಿಡುವ ಆಸೆ, ಆದರೆ ಆ ಡಿಸ್ಕ್ ಇರೋದು ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನಲ್ಲಿ, ಟೈಮ್‌ಶಿಫ್ಟ್‌ಗೆ ಅದು ಆಗುವುದಿಲ್ಲ. ಡಿಸ್ಕ್ ಹಂಚುವ ಜಿಪಾರ್ಟೆಡ್‌ ತಂತ್ರಾಂಶದಲ್ಲಿ ಆ ಭಾಗ ಕುಗ್ಗಿಸಿ, 100 ಜಿಬಿ ಇಎಕ್ಸ್‌ಟಿ4 ಬಿಡಿಸಿಕೊಳ್ಳಬೇಕು. ಹೊಸ ಎಸ್‌ಎಸ್‌ಡಿ ಫಾರ್ಮ್ಯಾಟ್ ಆಗಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಕುಗ್ಗಿಸುವುದು ಹಾಗಲ್ಲ. ತುಂಬಿದ ಡಿಸ್ಕಾದರೆ ಡೇಟಾ ಜರುಗಿಸುತ್ತಾ ಗಂಟೆಗಟ್ಟಲೆ ಎಳೆಯಬಹುದು. ನಡುವೆ ಕರೆಂಟ್ ಹೋದರೆ? ಈಗ ಕಕ್ಕಡ, ಕೊಡಗಿನ ಜೋರು ಮಳೆಯ ತಿಂಗಳು. ತಂತಿ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದರೆ ಲೈನ್‌ಮನ್ ಅದೇ ಮಳೆಯಲ್ಲಿ ನೆನೆದುಕೊಂಡೇ ಬರಬೇಕು, ಪಾಪ. ನಮ್ಮ ಯುಪಿಎಸ್ ಹತ್ತು ನಿಮಿಷ ತಡೆದರೆ ಜಾಸ್ತಿ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆಯಲಿ, ಮಳೆ ಕಡಿಮೆಯಾಗಲಿ, ಆಮೇಲೆ ಕೈ ಹಾಕುತ್ತೇನೆ.

ಅಲ್ಲಿಯವರೆಗೆ ಸ್ನ್ಯಾಪ್‌ಶಾಟ್ ರೂಟ್‌ನಲ್ಲೇ, ವಾರಕ್ಕೊಂದು, ಎರಡಕ್ಕಿಂತ ಹೆಚ್ಚು ಇಡದಂತೆ.