ಫೋಟೊ ಕೊಟ್ರೆ ಹಾಗೇ ಬಿಡಿಸಿ ಕೊಡ್ತೀರಲ್ಲ?

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಕೇಳಿದ್ದಾರೆ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕಾಯುತ್ತಿದ್ದವರು ಕೇಳಿದ್ದಾರೆ. ನನ್ನ ಹಲ್ಲಿನ ಡಾಕ್ಟರಂತೂ ನಾನು ಬಾಯಿ ತೆರೆದು ಮಲಗಿದ್ದಾಗಲೇ ಕೇಳಿದರು. ಮಂಗಳೂರಿನಲ್ಲಿ ಮನೆಗಳಿಗೆ ಚಿತ್ರ ಬರೆದುಕೊಟ್ಟು ಹೊಟ್ಟೆ ಹೊರೆಯುವವ ನಾನು. ಹಳೆ ಮನೆ, ತೀರಿಹೋದ ಅಪ್ಪ, ಊರಿನ ದೇವಸ್ಥಾನದ ಕೆರೆ, ಇಂಥವೇ ಹೆಚ್ಚು ಬರುವ ಆರ್ಡರು. ಎಲ್ಲರೂ ಮೊದಲು ಕೇಳುವುದು ಇದನ್ನೇ: "ಫೋಟೊ ಕೊಟ್ರೆ ಹಾಗೇ ಬಿಡಿಸಿ ಕೊಡ್ತೀರಲ್ಲ?"

ಇಲ್ಲ. ಹಾಗೇ ಬೇಕಾದರೆ ಪ್ರಿಂಟ್ ಹಾಕಿಸಿ. ಈಗ ಕ್ಯಾನ್ವಾಸ್ ಬಟ್ಟೆಯ ಮೇಲೆಯೇ ಪ್ರಿಂಟ್ ಹೊಡೆದು, ಚೌಕಟ್ಟಿಗೆ ಎಳೆದು, ಎರಡು ದಿನದಲ್ಲಿ ಕೈಗೆ ಕೊಡುತ್ತಾರೆ. ನನ್ನ ರೇಟಿಗೆ ಹೋಲಿಸಿದರೆ ಎಷ್ಟೋ ಅಗ್ಗ. ಸಿಟ್ಟಿನಲ್ಲಿ ಹೇಳುವ ಮಾತಲ್ಲ ಇದು, ಎಷ್ಟೋ ಮಂದಿಯನ್ನು ನಾನೇ ಅಂಥ ಅಂಗಡಿಗೆ ಕಳಿಸಿದ್ದೇನೆ. ಆದರೆ ಫೋಟೊದಲ್ಲಿ ಇರುವುದು ಒಂದು ದಿನದ ಒಂದು ಕ್ಷಣ. ಮನೆಯವರಿಗೆ ಬೇಕಾಗಿರುವುದು ಹೆಚ್ಚಿನ ಸಲ ಆ ಕ್ಷಣವೇ ಆಗಿರುವುದಿಲ್ಲ. ಇದು ನನಗೆ ಸರಿಯಾಗಿ ಗೊತ್ತಾದದ್ದು ಉಡುಪಿ ಹತ್ತಿರದ ಹಿರಿಯಡಕದ ಕಡೆಯ ಒಂದು ಮನೆಯಿಂದ.

ಮಸ್ಕತ್‌ನಲ್ಲಿರುವ ಮಗಳು ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದರು. ಪಾಲಾದ ಮೇಲೆ ಕೆಡವಿದ ಮೂಲ ಮನೆ. ತಾಯಿ ಈಗ ದೊಡ್ಡ ಮಗನ ಜೊತೆ ಮಂಗಳೂರಿನ ಬಿಜೈಯ ಒಂದು ಫ್ಲ್ಯಾಟಿನಲ್ಲಿ, ಏಳನೇ ಮಾಳಿಗೆಯಲ್ಲಿ. ಹಾಲಿನ ಗೋಡೆಗೆ ಆ ಮನೆಯ ಚಿತ್ರ ಬೇಕು, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ, ತೈಲವರ್ಣ. ಅರ್ಧ ಹಣ ಅಡ್ವಾನ್ಸ್ ಬಂತು. ಆಟಿ ತಿಂಗಳ ಮಳೆಯಲ್ಲಿ, ರಸ್ತೆ ಬದಿಯಿಂದ, ಮೊಬೈಲಿನಲ್ಲಿ ತೆಗೆದ ಫೋಟೊ ಅದು. ಪಾಗಾರ ಪೂರ್ತಿ ಹಸಿರು ಪಾಚಿ, ಜಗಲಿಗೆ ಎರಚಲು ಹೊಡೆಯದ ಹಾಗೆ ಕಟ್ಟಿದ ನೀಲಿ ಟಾರ್ಪಾಲು, ಅಂಗಳದಲ್ಲಿ ಯಾರದೋ ಕಾರು.

ಮೊಬೈಲಿನ ಲೆನ್ಸ್ ಅಗಲಕ್ಕೆ ನೋಡುವಂಥದ್ದು. ಹತ್ತಿರ ನಿಂತು ತೆಗೆದರೆ ಎದುರಿನದ್ದು ಉಬ್ಬುತ್ತದೆ, ಹಿಂದಿನದ್ದು ಕುಗ್ಗುತ್ತದೆ. ಈ ಫೋಟೊದಲ್ಲಿ ಪಾಗಾರದ ಗೇಟು ಅರಮನೆಯದ್ದರ ಹಾಗಿತ್ತು, ಮನೆಯ ಹಂಚಿನ ಮಾಡು ಹಟ್ಟಿಯ ಮಾಡಿನಷ್ಟೇ ಕಾಣುತ್ತಿತ್ತು. ಇದರ ಮೇಲೆ ಚೌಕದ ಗೆರೆ ಎಳೆದು, ಅದೇ ಅಳತೆಗೆ ಹಾಗೇ ಇಳಿಸಿದರೆ ಗೇಟಿನ ಚಿತ್ರವಾಗುತ್ತದೆ. ಹಾಗಾಗಿ ನಾನು ಮನಸ್ಸಿನಲ್ಲೇ ಮೂವತ್ತು ಹೆಜ್ಜೆ ಹಿಂದೆ ಹೋಗಿ, ಮಾಡು ದೊಡ್ಡದು ಮಾಡಿ, ಟಾರ್ಪಾಲು ಮತ್ತು ಕಾರು ತೆಗೆದು, ಪೆನ್ಸಿಲ್ ಸ್ಕೆಚ್ ಮಾಡಿದೆ. ಇಲ್ಲೇ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರು ಕೆಲವೇ ಗೆರೆಯಲ್ಲಿ ಕುಣಿಯುವವರನ್ನು ಹಾಳೆಯ ಮೇಲೆ ಕುಣಿಸುತ್ತಿದ್ದರು. ನನಗೆ ಒಂದು ಮನೆ ನಿಲ್ಲಿಸಲು ನಾಲ್ಕು ಹಾಳೆ, ಒಂದು ರಬ್ಬರು ಬೇಕಾಯಿತು. ಮಗಳಿಗೆ ಕಳಿಸಿದೆ, "ಸೂಪರ್" ಅಂತ ಉತ್ತರ ಬಂತು.

ಸುಮ್ಮನೆ ಬಣ್ಣ ಹಚ್ಚಿಬಿಡಬಹುದಿತ್ತು. ಆದರೆ ಗೋಡೆ ನೋಡದೆ ನಾನು ಬಣ್ಣ ಮುಟ್ಟುವುದಿಲ್ಲ. ಅದಕ್ಕೊಂದು ಹಳೆಯ ಪೆಟ್ಟಿನ ಕಥೆಯಿದೆ. ಮೊದಮೊದಲು ಒಬ್ಬರ ಮನೆಗೆ ಕೊಟ್ಟ ಚಿತ್ರವನ್ನು ಪಡುವಣ ದಿಕ್ಕಿನ ಹೊರಗೋಡೆಗೆ ತೂಗಿಸಿದ್ದೆ, ಜೂನ್ ತಿಂಗಳಲ್ಲಿ, ಹಿಂಬದಿಗೆ ಏನೂ ಹಾಕದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ನಮ್ಮದು. ಅಷ್ಟಮಿ ಹೊತ್ತಿಗೆ ಫೋನ್ ಬಂತು: "ನಿಮ್ಮ ಚಿತ್ರದಲ್ಲಿ ಎಂತದೋ ಕಪ್ಪು ಕಪ್ಪು ಚುಕ್ಕಿ ಬಂದಿದೆ ಮಾರಾಯ್ರೆ." ತೆಗೆದು ತಿರುಗಿಸಿದರೆ ಬಟ್ಟೆಯ ಹಿಂದೆ ಪೂರ್ತಿ ಬೂಷ್ಟು. ಗೋಡೆಯ ಪಸೆ ನೇರ ಕ್ಯಾನ್ವಾಸಿಗೆ ಇಳಿದಿತ್ತು. ಹೊಸತು ಮಾಡಿ ಕೊಟ್ಟೆ, ನನ್ನ ಖರ್ಚಿನಲ್ಲಿ. ಈಗ ಹಿಂಬದಿಗೆ ಶೀಟು ಹೊಡೆಯುತ್ತೇನೆ, ಕೆಳಗಿನ ಎರಡು ಮೂಲೆಗೆ ಬೂಚಿನ ತುಂಡು ಅಂಟಿಸುತ್ತೇನೆ, ಚಿತ್ರಕ್ಕೂ ಗೋಡೆಗೂ ನಡುವೆ ಗಾಳಿ ಆಡಲಿ ಅಂತ. ಮಂಗಳೂರಿನದೇ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್ 1899ರ ಸುಮಾರಿಗೆ ಗೋಡೆಗೇ ಚಿತ್ರ ಬರೆದರು. ಅದಕ್ಕೂ ವಯಸ್ಸಾಯಿತು, 1990ರ ದಶಕದಲ್ಲಿ ಪರಿಣತರು ಬಂದು ದುರಸ್ತಿ ಮಾಡಬೇಕಾಯಿತು. ನನ್ನ ಚಿತ್ರಕ್ಕೆ ಪರಿಣತರು ಬರುವುದಿಲ್ಲ, ನಾನೇ ಹೋಗಬೇಕು.

ಹಾಗೆ ಬಿಜೈಗೆ ಹೋದೆ. ಅವರು ತೋರಿಸಿದ್ದೂ ಪಡುವಣ ಗೋಡೆಯನ್ನೇ. ಬೇಡ ಅಂದೆ, ಒಳಗಿನ ಗೋಡೆ ಆರಿಸಿದೆವು. ಎತ್ತರದ ವಿಷಯದಲ್ಲಿ ಸ್ವಲ್ಪ ಚರ್ಚೆ. ಸಾಮಾನ್ಯವಾಗಿ ನಿಂತವರ ಕಣ್ಣಿನ ಮಟ್ಟಕ್ಕೆ ಚಿತ್ರದ ನಡು ಬರುವಂತೆ ತೂಗಿಸುವುದು. ಇಲ್ಲಿ ನೋಡುವವರು ತಾಯಿ, ಅವರು ಇಡೀ ದಿನ ಕುರ್ಚಿಯಲ್ಲಿ. ಒಂದು ಅಡಿ ಕೆಳಗೆ ಗುರುತು ಹಾಕಿದೆ. ಮಗನಿಗೆ ಅಷ್ಟು ಹಿಡಿಸಲಿಲ್ಲ, ಸೋಫಾಕ್ಕೆ ತಾಗುತ್ತದೆ ಅಂದರು. ಸೋಫಾ ಸರಿಸಿದೆವು.

ಆಮೇಲೆ ತಾಯಿಗೆ ಸ್ಕೆಚ್ ತೋರಿಸಿದೆ. ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು.

"ಮಾಡು ಸರಿ ಉಂಟು. ಅಂಗಳ ಯಾಕೆ ಖಾಲಿ?"

"ಅಲ್ಲಿ ಕಾರಿತ್ತಮ್ಮ, ತೆಗೆದೆ."

"ಕಾರಲ್ಲ. ಅಡಿಕೆ ಎಲ್ಲಿ?"

ಅವರ ಲೆಕ್ಕದಲ್ಲಿ ಆ ಮನೆ ಎಂದರೆ ದೀಪಾವಳಿ ಕಳೆದ ಮೇಲಿನ ಮನೆ. ಜಗಲಿಗೆ ಕಟ್ಟಿದ ಮಡಲಿನ ತಟ್ಟಿ ಬಿಚ್ಚಿ, ಅಂಗಳ ಕೆತ್ತಿ ಪೆಟ್ಟಿಸಿ, ಸೆಗಣಿ ಸಾರಿಸಿ, ಅಡಿಕೆ ಹರಡುವ ಕಾಲ. ಅಡಿಕೆ ಸಿಪ್ಪೆ ಸಮೇತ ಸುಮಾರು ನಲವತ್ತು ದಿನ ಬಿಸಿಲಿಗೆ ಬೀಳಬೇಕು. ಬಣ್ಣ ಕೇಳಿದೆ. ಕಿತ್ತಳೆಯಾ, ಕಂದಾ? "ಎರಡೂ. ಹೊಸ ಕೊಯ್ಲು ಬಾವಿ ಹತ್ತಿರ, ಹಳತು ತುಳಸಿಕಟ್ಟೆ ಹತ್ತಿರ. ಬೆಳಿಗ್ಗೆ ಕಾಲಲ್ಲಿ ಕೆದಕಿ ಮಗುಚ್ತಾ ಇದ್ದೆವಲ್ಲ, ಆ ಗೆರೆ ಬರ್ಬೇಕು." ಜಗಲಿಯಿಂದ ಬಾವಿಯ ತನಕ, ಪಾದ ಎಳೆದುಕೊಂಡು ಹೋದ ಗೆರೆಗಳು. ಇದು ಯಾವ ಫೋಟೊದಲ್ಲಿ ಸಿಗುತ್ತದೆ?

ಇನ್ನು ಬಾಗಿಲು. ಫೋಟೊದಲ್ಲಿ ಟಾರ್ಪಾಲಿನ ಹಿಂದೆ ಅಡಗಿತ್ತು. ಹಸಿರು ಅಂತ ಮಸ್ಕತ್‌ನಿಂದ ವಿಡಿಯೋ ಕಾಲಿನಲ್ಲಿ ಮಗಳು, ನೀಲಿ ಅಂತ ಇಲ್ಲಿ ಮಗ. ಐದು ನಿಮಿಷದಲ್ಲಿ ಅಣ್ಣ-ತಂಗಿಯ ಮಾತು ಬಾಗಿಲಿನಿಂದ ಪಾಲಿನ ಕಡೆಗೆ ತಿರುಗುವ ಲಕ್ಷಣ ಕಂಡಿತು. ನಾನು ಚಾ ಕುಡಿಯುತ್ತಾ ಕಿಟಕಿಯ ಕಡೆ ನೋಡಿದೆ. ತಾಯಿ ಮುಗಿಸಿದರು: "ಮೊದಲು ಹಸಿರೇ. ಇವಳ ಮದುವೆಗೆ ಅವರು ನೀಲಿ ಬಳಿಸಿದ್ದು. ಅವಳು ಆಚೆ ಹೋದ ಮೇಲೆ ನೀಲಿಯನ್ನು ನೋಡಿದ್ದೆಷ್ಟು ದಿನ? ಅದಕ್ಕೆ ಅವಳಿಗೆ ಹಸಿರೇ ನೆನಪು."

ಬಾಗಿಲಿಗೆ ಎರಡನ್ನೂ ಬರೆದೆ. ಮೊದಲು ಹಸಿರು ಹಚ್ಚಿ ಒಣಗಲು ಬಿಟ್ಟೆ. ತೈಲವರ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ, ಅದರೊಳಗಿನ ಅಗಸೆ ಎಣ್ಣೆ ಗಾಳಿಯನ್ನು ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುವುದು. ಮುಟ್ಟಿದರೆ ಕೈಗೆ ಹತ್ತದಷ್ಟು ಆಗಲಿಕ್ಕೇ ನಮ್ಮ ಮಳೆಗಾಲದಲ್ಲಿ ವಾರಗಟ್ಟಲೆ ಬೇಕು. "ಇಷ್ಟು ತಡ ಎಂತಕ್ಕೆ?" ಎಂಬ ಇನ್ನೊಂದು ಪ್ರಶ್ನೆಗೂ ಇದೇ ಉತ್ತರ. ಹಸಿರು ಗಟ್ಟಿಯಾದ ಮೇಲೆ ನೀಲಿ ಹಚ್ಚಿ, ಅದು ಹಸಿ ಇರುವಾಗಲೇ ಚಿಲಕದ ಹತ್ತಿರ, ಕೈ ತಾಗಿ ತಾಗಿ ಸವೆಯುವ ಜಾಗದಲ್ಲಿ, ಚೂರಿಯ ತುದಿಯಿಂದ ಕೆರೆದೆ. ಕೆಳಗಿನ ಹಸಿರು ಇಣುಕಿತು. ನಮ್ಮ ಕರಾವಳಿಯ ಕಾವಿ ಕಲೆಯಲ್ಲೂ ಇದೇ ಉಪಾಯ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಕೆರೆದಲ್ಲೆಲ್ಲ ಬಿಳಿ ಕಾಣಿಸುವುದು. ನನ್ನದು ಅದರ ಬಡ ನೆಂಟ.

ಪೆನ್ಸಿಲ್ ಹಂತದಲ್ಲಿ ಎಷ್ಟು ಬದಲಾವಣೆ ಹೇಳಿದರೂ ನಾನು ದುಡ್ಡು ಕೇಳುವುದಿಲ್ಲ, ಬಣ್ಣ ಬಿದ್ದ ಮೇಲೆ ಹೇಳಿದರೆ ಕೇಳುತ್ತೇನೆ. ಗಿರಾಕಿ ಯಾರು ಅನ್ನುವುದನ್ನು ಮಾತ್ರ ಮೊದಲೇ ತಿಳಿದುಕೊಳ್ಳುತ್ತೇನೆ. ಹಣ ಕೊಡುವವರು ಒಬ್ಬರು, ದಿನಾ ಎದುರು ಕೂರುವವರು ಇನ್ನೊಬ್ಬರು. ಇಬ್ಬರಿಗೂ ಬೇರೆ ಬೇರೆ ಚಿತ್ರ ಬೇಕಾದರೆ ಕೂರುವವರ ಕಡೆ ವಾಲುತ್ತೇನೆ. ಹೀಗಾಗಿ ಈಗ ಯಾರಾದರೂ ಫೋಟೊ ಕಳಿಸಿದರೆ, ಆ ಮನೆಯಲ್ಲಿ ಹೆಚ್ಚು ವರ್ಷ ಇದ್ದವರ ನಂಬರನ್ನೂ ಕೇಳುತ್ತೇನೆ. ಕೆಲವರಿಗೆ ಇದು ಅತಿ ಅನಿಸುತ್ತದೆ, ಪ್ರಿಂಟಿನ ಅಂಗಡಿಗೆ ಹೋಗುತ್ತಾರೆ.

ಹಿರಿಯಡಕದ ಮನೆ ಡಿಸೆಂಬರಿನಲ್ಲಿ ಮುಗಿಯಿತು. ವಾರ್ನಿಶ್‌ಗೆ ಇನ್ನೂ ಆರು ತಿಂಗಳು ಕಾಯಬೇಕು, ಆದರೂ ಗೋಡೆಗೆ ಹಾಕಿ ನೋಡೋಣ ಅಂತ ತೆಗೆದುಕೊಂಡು ಹೋದೆ. ಬಾಗಿಲು ನೋಡಿ ಮಗ ಏನೂ ಹೇಳಲಿಲ್ಲ, ಫೋಟೊ ತೆಗೆದು ತಂಗಿಗೆ ಕಳಿಸಿದರು. ತಾಯಿ ಕುರ್ಚಿಯನ್ನು ಹತ್ತಿರ ಎಳೆಸಿಕೊಂಡು, ಅಂಗಳದ ಮೇಲೆ ಬೆರಳು ತಾಗಿಸದೆ ಗಾಳಿಯಲ್ಲೇ ಆಡಿಸುತ್ತಾ, ಬಾವಿ ಹತ್ತಿರದ ಕಿತ್ತಳೆಯಿಂದ ಶುರುಮಾಡಿ ತುಳಸಿಕಟ್ಟೆಯ ತನಕ ಹೋದರು.

"ಚಂದ ಉಂಟು," ಅಂದರು. "ಆದರೆ ಇಷ್ಟು ದಪ್ಪಕ್ಕೆ ಹರಡಿದರೆ ಅಡಿಕೆ ಒಣಗ್ಲಿಕ್ಕುಂಟಾ?"

ಹೌದು, ರಾಶಿ ಹಾಕಿದ ಹಾಗೆ ಒಂದರ ಮೇಲೊಂದು ಬರೆದುಬಿಟ್ಟಿದ್ದೆ. ಚಿತ್ರವನ್ನು ಮತ್ತೆ ರಿಕ್ಷಾಕ್ಕೆ ಹಾಕಿ ವಾಪಸ್ ತಂದು, ಎರಡು ದಿನ ಕೂತು ಅಡಿಕೆಯನ್ನು ತೆಳುವಾಗಿ ಹರಡಿ, ಕಾಲಿನ ಗೆರೆ ಎಳೆದು ಕೊಟ್ಟೆ. ಅದಕ್ಕೆ ಬಿಲ್ಲು ಹಾಕಲಿಲ್ಲ.