ಎರಡು ಸದ್ದು ಹೋದವು, ಒಂದು ಬಾಕಿ ಇದೆ

ನಮ್ಮ ಮನೆಯ ಏಳು ಸೀಟಿನ ಎಸ್‌ಯುವಿ 80 ಸಾವಿರ ಕಿಲೋಮೀಟರ್ ದಾಟಿದೆ. ಹಾಸನದಿಂದ ಸಕಲೇಶಪುರ, ಅಲ್ಲಿಂದ ಒಳಗಿನ ತೋಟದ ರಸ್ತೆಗಳು, ಅದರ ಓಡಾಟ ಇಲ್ಲೇ ಜಾಸ್ತಿ. ಈ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಸಸ್ಪೆನ್ಷನ್‌ನಲ್ಲಿ ಸದ್ದು ಶುರುವಾಗಿತ್ತು. ಒಂದು ಕಡೆ ತೋರಿಸಿದರೆ ಕೆಳಗೆ ಬಗ್ಗಿಯೂ ನೋಡದೆ "ಶಾಕ್ ಅಬ್ಸಾರ್ಬರ್ ಹೋಗಿದೆ, ನಾಲ್ಕೂ ಬದಲಿಸಿಬಿಡಿ ಸರ್" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಎಣ್ಣೆ ಸೋರಿದ ಗುರುತು ಎಲ್ಲೂ ಇರಲಿಲ್ಲ. ಬಾನೆಟ್ ಒತ್ತಿ ಬಿಟ್ಟರೆ ಗಾಡಿ ಕುಣಿಯದೆ ಮೇಲೆ ಬಂದು ನಿಲ್ಲುತ್ತಿತ್ತು. ಒಂದೊಂದೇ ಸದ್ದಿನ ಬೆನ್ನು ಹತ್ತೋಣ ಅಂತ ಹೊರಟೆ.

ಮೊದಲು ಗಾಡಿ ಖಾಲಿ

ಡಿಕ್ಕಿಯಲ್ಲಿದ್ದ ಜಾಕಿ, ಟೂಲ್ ಚೀಲ, ನೀರಿನ ಕ್ಯಾನು ಎಲ್ಲ ಇಳಿಸಿದೆ. ಮೂರನೇ ಸಾಲಿನ ಸೀಟಿನ ಲಾಕ್ ಸರಿಯಾಗಿ ಕೂತಿದೆಯಾ ನೋಡಿದೆ. ಗಾಡಿಯ ಅಡಿಯಲ್ಲಿ ನೇತಾಡುವ ಸ್ಟೆಪ್ನಿಯನ್ನು ಬಿಗಿ ಮಾಡಿದೆ. ಹಿಂದಿನಿಂದ ಬರುತ್ತಿದ್ದ ಗಡಗಡ ಅಷ್ಟಕ್ಕೇ ನಿಂತಿತು. ಇಷ್ಟು ಮಾಡದೆ ಸಸ್ಪೆನ್ಷನ್‌ಗೆ ಕೈ ಹಾಕಲೇಬಾರದು.

ಉಳಿದದ್ದು ಮೂರು. ಕಿತ್ತುಹೋದ ಡಾಂಬರಿನ ಮೇಲೆ ನಿಧಾನಕ್ಕೆ ಹೋದರೆ ಮುಂದೆ ಎಡಗಡೆ ಟಕ್ ಟಕ್. ಹಂಪ್ ಹತ್ತಿ ಇಳಿಯುವಾಗ ಕಿರ್ರ್. ರಿವರ್ಸ್ ಬರುತ್ತಾ ಬ್ರೇಕ್ ಒತ್ತಿದರೆ ಒಂದೇ ಒಂದು ಧಡ್. ಮೂರಕ್ಕೂ ಒಂದೇ ಕಾರಣ ಅಂದುಕೊಂಡರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಟಕ್ ಟಕ್

ಬ್ರೇಕ್ ಪೆಡಲ್ ಮೆಲ್ಲಗೆ ಒತ್ತಿಕೊಂಡೇ ಓಡಿಸಿ ನೋಡಿದೆ. ಬ್ರೇಕ್ ಪ್ಯಾಡ್ ಅಲುಗಾಡುತ್ತಿದ್ದರೆ ಆಗ ಸದ್ದು ನಿಲ್ಲಬೇಕು. ನಿಲ್ಲಲಿಲ್ಲ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿಸಿದರೆ ಟಕ್ ಇಲ್ಲ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದರೆ ಇದೆ. ದಾರಿ ಸಿಕ್ಕಿದ್ದು ಇಲ್ಲೇ. ಎಡ ಬಲ ಚಕ್ರಗಳ ನಡುವೆ ಅಡ್ಡ ಹಾದುಹೋಗುವ ಸ್ಟೆಬಿಲೈಸರ್ ಬಾರ್‌ಗೆ, ಎರಡೂ ಚಕ್ರ ಸಮನಾಗಿ ಏರಿಳಿದಾಗ ಕೆಲಸವಿಲ್ಲ. ತನ್ನನ್ನು ಹಿಡಿದಿಡುವ ರಬ್ಬರ್ ತುಂಡುಗಳೊಳಗೆ, ಅಂದರೆ ಬುಶ್‌ಗಳೊಳಗೆ, ಸುಮ್ನೆ ತಿರುಗುತ್ತದೆ. ಒಂದು ಮೇಲೆ, ಒಂದು ಕೆಳಗೆ ಆದಾಗ ಮಾತ್ರ ಅದು ತಿರುಚಿಕೊಳ್ಳುತ್ತದೆ. ಆ ಬಲವೆಲ್ಲ ಬೀಳುವುದು ಅದರ ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಚಿಕ್ಕ ಸರಳು, ಲಿಂಕ್ ರಾಡ್ ಮೇಲೆ.

ಲಿಂಕ್ ರಾಡ್ ಪರೀಕ್ಷಿಸುವಾಗ ಒಂದೇ ಚಕ್ರವನ್ನು ಜಾಕಿಯಲ್ಲಿ ಎತ್ತಬಾರದು. ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಸವೆದ ಜಾಯಿಂಟ್ ಕೂಡ ಗಟ್ಟಿ ಇದ್ದ ಹಾಗೆ ಅನಿಸುತ್ತದೆ. ಅದಕ್ಕೇ ಪರಿಚಯದ ಗ್ಯಾರೇಜಿನ ಪಿಟ್ ಮೇಲೆ, ನಾಲ್ಕೂ ಚಕ್ರ ನೆಲದ ಮೇಲಿರುವಾಗಲೇ ನಾನು ಕೆಳಗಿಳಿದೆ. ನನ್ನ ತಮ್ಮ ಮೇಲೆ ನಿಂತು ಗಾಡಿಯನ್ನು ಅತ್ತಿತ್ತ ತೂಗಿದ. ಜಾಯಿಂಟ್ ಸುತ್ತ ಬೆರಳಿಟ್ಟುಕೊಂಡಿದ್ದೆ. ಕಿವಿಗೆ ಏನೂ ಗೊತ್ತಾಗಲಿಲ್ಲ, ಬೆರಳಿಗೆ ಟಿಕ್ ಅಂತ ಸಿಕ್ಕಿತು. ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹಿಂಬದಿಯಲ್ಲಿ ಸೀಳಿತ್ತು. ಒತ್ತಿದರೆ ಕೆಂಪು ನೀರು ಜಿನುಗಿತು. ಒಳಗಿನ ಗ್ರೀಸ್ ಕೆಮ್ಮಣ್ಣಿನ ಜೊತೆ ಬೆರೆತು ಮರಳು ಮರಳಾಗಿತ್ತು. ಮುಂದಿನಿಂದ ನೋಡಿದರೆ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗಿತ್ತು!

ನಟ್ ತುಕ್ಕು ಹಿಡಿದಿತ್ತು. ವೈರ್ ಬ್ರಶ್‌ನಿಂದ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮುಂದಿನ ಎರಡೂ ಚಕ್ರ ಎತ್ತಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬೇಡಿ, ದಯವಿಟ್ಟು. ನಟ್ ಜೊತೆ ಬೋಲ್ಟೂ ತಿರುಗದಂತೆ ಅದರ ತುದಿಗೆ ಅಲೆನ್ ಕೀ ಹಾಕಿ ಹಿಡಿಯಬೇಕು. ಎಡಬಲ ಎರಡೂ ಕಡೆ ಹೊಸ ಲಿಂಕ್ ಹಾಕಿದೆ. ಅದೇ ಕಿತ್ತ ರಸ್ತೆಯಲ್ಲಿ ಓಡಿಸಿದೆ, ಟಕ್ ಟಕ್ ಪೂರ್ತಿ ಹೋಗಿದೆ. ಎಷ್ಟು ಖುಷಿಯಾಯಿತು ಅಂದರೆ ಅದೇ ರಸ್ತೆಯಲ್ಲಿ ಇನ್ನೊಂದು ಸುತ್ತು ಹೊಡೆದೆ.

ಕಿರ್ರ್

ಇದು ಸುಲಭ. ಬಾರ್ ತಿರುಗುವ ಬುಶ್ ಮೇಲೆಯೇ ಅನುಮಾನ ಇತ್ತು. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಆ ಎರಡು ಬುಶ್‌ಗಳಿಗೆ ಮಾತ್ರ ಹೊಡೆದೆ. ಸದ್ದು ಮಾಯ. ಒಣಗಿದ ಮೇಲೆ ಮತ್ತೆ ಬಂತು. ಹೊಸ ಬುಶ್ ಹಾಕಿದೆ, ಮುಗಿಯಿತು. ಅಲ್ಲಿಗೆ ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಬಳಿಯಬೇಡಿ, ಅದು ರಬ್ಬರನ್ನು ಉಬ್ಬಿಸುತ್ತದೆ. ಬೇಕೇ ಬೇಕು ಅಂದರೆ ಸಿಲಿಕೋನ್ ಗ್ರೀಸ್ ಹಾಕಬಹುದು.

ಧಡ್

ಇದೇ ಬಾಕಿ. ಬ್ರೇಕ್ ಒತ್ತಿದಾಗ ಚಕ್ರವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯಬೇಕಾದದ್ದು ಲೋವರ್ ಆರ್ಮ್. ಅದರ ಹಿಂದಿನ ಬುಶ್‌ಗೆ ಸಬ್ಬಲ್ ಕೊಟ್ಟು ಮೀಟಿದರೆ, ಒಳಗಿನ ಕಬ್ಬಿಣದ ಕೊಳವೆಯಿಂದ ರಬ್ಬರ್ ಅರ್ಧ ಸುತ್ತು ಬಿಟ್ಟುಕೊಂಡಿರುವುದು ಕಾಣುತ್ತದೆ. ಆರ್ಮ್ ಮತ್ತು ಚಕ್ರದ ಕಡೆಯನ್ನು ಜೋಡಿಸುವ ಬಾಲ್ ಜಾಯಿಂಟ್ ಗಟ್ಟಿಯಾಗಿದೆ. ಅದರಲ್ಲಿ ಆಟ ಇದ್ದಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸುತ್ತಲೇ ಇರಲಿಲ್ಲ, ಅದು ಕಳಚಿಕೊಂಡರೆ ಚಕ್ರ ನಮ್ಮ ಕೈಯಲ್ಲಿ ಇರುವುದಿಲ್ಲ. ಇಡೀ ಆರ್ಮ್ ಬದಲಿಸುವುದು ಬೇಡ, ಬುಶ್ ಸಾಕು ಅಂತ ತೀರ್ಮಾನಿಸಿದ್ದೇನೆ. ಹಳೇದನ್ನು ತೆಗೆಯುವ ಮುಂಚೆ ಅದು ಕೂತಿರುವ ದಿಕ್ಕನ್ನು ಆರ್ಮ್ ಮೇಲೆ ಗೀಚಿ ಗುರುತು ಮಾಡಬೇಕು. ಹೊಸದನ್ನು ಪ್ರೆಸ್‌ನಲ್ಲಿ ಕೂರಿಸುವಾಗ ಅದೇ ದಿಕ್ಕಿಗೆ ಬರಬೇಕು.

ಗ್ಯಾರೇಜಿನ ಅಣ್ಣ ಹೇಳಿದ ಒಂದು ಮಾತು ಬರೆದಿಟ್ಟುಕೊಂಡಿದ್ದೇನೆ: "ಚಕ್ರ ನೇತಾಡ್ತಾ ಇರೋವಾಗ ಬೋಲ್ಟ್ ಟೈಟ್ ಮಾಡಬೇಡಿ ಸರ್, ಗಾಡಿ ನೆಲಕ್ಕೆ ಕೂರಲಿ." ಕಾರಣ ಇದೆ. ಈ ಬುಶ್‌ನಲ್ಲಿ ರಬ್ಬರ್, ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಚಕ್ರ ಇಳಿಬಿದ್ದಾಗ ಬಿಗಿ ಮಾಡಿದರೆ, ಗಾಡಿ ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಎರಡೂ ಕಡೆಯ ಬುಶ್‌ಗೆ ಆರ್ಡರ್ ಕೊಟ್ಟಾಗಿದೆ. ಹಾಕಿಸಿದ ಮೇಲೆ ವೀಲ್ ಅಲೈನ್‌ಮೆಂಟ್. ಆಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ತೋಟದ ರಸ್ತೆಗೇ ಹೋಗುತ್ತೇನೆ. ಒಬ್ಬನೇ ಓಡಿಸುವಾಗ ಇಲ್ಲದ ಸದ್ದು ಭಾರ ಬಿದ್ದಾಗ ಏಳಬಹುದು, ಹಿಂದಿನ ಸಸ್ಪೆನ್ಷನ್ ಬಗ್ಗೆ ಅದಾದ ಮೇಲೆ ಬರೆಯುತ್ತೇನೆ.