ಒದ್ದೆ ಪ್ರಳಯ

ಮೂರು ವಾರ ರಾತ್ರಿ ನಿದ್ದೆಗೆಟ್ಟು ಕಟ್ಟಿದ್ದ ಮೂರು ಮಹಡಿಯ ಕಟ್ಟಡ ಕಳೆದ ಜುಲೈಯ ಒಂದು ಶನಿವಾರ ಬೆಳಿಗ್ಗೆ ನಮ್ಮ ಡೊಂಬಿವಲಿ ಮನೆಯ ಗ್ಯಾಲರಿಯಲ್ಲಿ ಹತ್ತೇ ನಿಮಿಷದಲ್ಲಿ ಕರಗಿಹೋಯಿತು. ಕಟ್ಟಡ ಅಂದರೆ ಒಂದೂಕಾಲು ಅಡಿ ಎತ್ತರದ್ದು, ಥರ್ಮೋಕೋಲಿನದು, ಮೇಜಿನ ಮೇಲಿನ ಆಟಕ್ಕೆಂದು ಮಾಡಿದ್ದು. ಮೇಲಿನ ಮನೆಯವರ ಅಟ್ಟದಲ್ಲಿ ಹಳೆಯ ಮಖರ್, ಅಂದರೆ ಗಣಪತಿ ಕೂರಿಸುವ ಅಲಂಕಾರದ ಮಂಟಪ, ಬಿದ್ದಿತ್ತು. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಜೊತೆ ಥರ್ಮೋಕೋಲಿಗೂ ನಿಷೇಧ ಹಾಕಿದ ಮೇಲೆ ಅದನ್ನು ಹೊರಗೆ ತೆಗೆಯುವಂತಿಲ್ಲ, ಎಸೆಯಲು ಅವರಿಗೆ ಮನಸ್ಸಿಲ್ಲ. ನಾನು ಕೇಳಿದ್ದೇ ತಡ, ಪುಣ್ಯ ಬಂತು ಅನ್ನುವ ಹಾಗೆ ಕೊಟ್ಟುಬಿಟ್ಟರು. ಕಮಾನು, ಕಂಬ ಎಲ್ಲ ಮೊದಲೇ ಇದ್ದವು. ಒಡೆದು ಹಾಳು ಮಾಡುವುದಷ್ಟೇ ನನ್ನ ಕೆಲಸ.

ಸ್ಪ್ರೇ ಡಬ್ಬಿಯ ಬಣ್ಣದಲ್ಲಿರುವ ಥಿನ್ನರ್ ಥರ್ಮೋಕೋಲನ್ನು ತಿಂದುಹಾಕುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅದಕ್ಕೇ ಮೊದಲು ಫೆವಿಕಾಲಿಗೆ ಕಪ್ಪು ಅಕ್ರಿಲಿಕ್ ಬಣ್ಣ ಬೆರೆಸಿ ಬ್ರಶ್ಶಿನಲ್ಲಿ ಎರಡು ಕೈ ಬಳಿಯಬೇಕು, ಅದು ಚರ್ಮದ ಹಾಗೆ ಕೂತ ಮೇಲೆ ಸ್ಪ್ರೇ. ನಾನು ಒಂದೇ ಕೈ ಬಳಿದಿದ್ದೆ. ಮಳೆಗಾಲದಲ್ಲಿ ಫೆವಿಕಾಲ್ ಬೇಗ ಒಣಗುವುದಿಲ್ಲ, ಮುಂದಿನ ವಾರದ ಭಾನುವಾರವೇ ಆಟ, ನನಗೆ ಅವಸರ. ಕಿಟಕಿಗಳ ಕೆಳ ಅಂಚಿಗೆ ಬ್ರಶ್ಶು ತಾಗಿಯೇ ಇರಲಿಲ್ಲ. ಅಲ್ಲಿಂದ ಶುರುವಾಯಿತು. ಮೊದಲು ಕಿಟಕಿ ಬಾಯಿಬಿಟ್ಟಿತು, ಆಮೇಲೆ ಗೋಡೆ ಒಳಗೊಳಗೇ ಕುಗ್ಗಿ, ಬಿಸಿ ತವೆಯ ಮೇಲಿನ ಹಪ್ಪಳದ ಹಾಗೆ ಮುದುಡಿಕೊಂಡಿತು. ಮನೆಯೆಲ್ಲ ವಾಸನೆ. ಇವಳು ಅಡುಗೆಮನೆಯಿಂದ ಬಂದು ನೋಡಿ, ಏನೂ ಅನ್ನದೆ, ಗ್ಯಾಲರಿಯ ಬಾಗಿಲು ಎಳೆದುಕೊಂಡು ಹೋದಳು. ಏನಾದರೂ ಅಂದಿದ್ದರೆ ಹಗುರವಾಗುತ್ತಿತ್ತು.

ನಲವತ್ತು ದಾಟಿದವನು ಆಡುವ ಆಟವೇನು ಇದು ಅನ್ನುವವರಿಗೆ ಎರಡು ಮಾತು. ಮೇಜಿನ ಮೇಲೆ ಸಣ್ಣ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟ. ಗೊಂಬೆಯ ಅಂಗಾಲಿನಿಂದ ಕಣ್ಣಿನವರೆಗೆ ಹೆಚ್ಚುಕಡಿಮೆ 28 ಮಿಲಿಮೀಟರ್. ಅದರ ಕಾಲಡಿ ದುಂಡು ಪೀಠ, ಸಾಮಾನ್ಯವಾಗಿ 25 ಮಿಲಿಮೀಟರ್ ಅಗಲ. 2011ರಲ್ಲಿ ಬಂದ ಎರಡು ರೂಪಾಯಿ ನಾಣ್ಯವೂ ಸರಿಯಾಗಿ ಅಷ್ಟೇ ಇರುವುದರಿಂದ ಒಂದು ನಾಣ್ಯ ಸದಾ ನನ್ನ ಪೆಟ್ಟಿಗೆಯಲ್ಲಿರುತ್ತದೆ. ಮೆಟ್ಟಿಲು, ಮಹಡಿ, ಬಾಗಿಲು, ಏನು ಮಾಡಿದರೂ ಆ ನಾಣ್ಯ ಅಲ್ಲಿ ಕೂರಬೇಕು. ಗೊಂಬೆ ಇಂಚು ಲೆಕ್ಕದಲ್ಲಿ ನಡೆಯುತ್ತದೆ, ದಾಳ ಹಾಕಿ ಗುಂಡು ಹೊಡೆಯುತ್ತದೆ. ಆದರೆ ಬೋಳು ಮೇಜಿನ ಮೇಲೆ ಆಡಿದರೆ ಆಟ ಎರಡೇ ಸರದಿಗೆ ಮುಗಿದೀತು. ಅಡಗಲು ಗೋಡೆ ಬೇಕು, ಹತ್ತಲು ಮಹಡಿ ಬೇಕು, ಕಣ್ಣಿಗೆ ಮರೆ ಬೇಕು. ಅದಕ್ಕೇ ಈ ಹಾಳು ಊರುಗಳು. ನಮ್ಮ ಗುಂಪಿನ ಆಟದಲ್ಲಿ ಲೋಕ ಆಗಲೇ ಮುಳುಗಿಹೋಗಿದೆ. ಅಳಿದುಳಿದ ನಾಲ್ಕು ಜನ ಪೆಟ್ರೋಲಿಗೆ, ಕುಡಿಯುವ ನೀರಿಗೆ ಹೊಡೆದಾಡುತ್ತಾರೆ. ನನಗೆ ನಿಜ ಹೇಳಬೇಕೆಂದರೆ ಆಟ ನೆಪ. ಗೆಲ್ಲುವುದಂತೂ ವರ್ಷಕ್ಕೊಮ್ಮೆ. ಕಟ್ಟುವುದರಲ್ಲಿ, ಬಣ್ಣ ಬಳಿಯುವುದರಲ್ಲಿ ಇರುವ ರುಚಿಯೇ ಬೇರೆ.

ಆ ದಿನ ಮಧ್ಯಾಹ್ನ ಅಪ್ಪಯ್ಯ ಗ್ಯಾಲರಿಗೆ ಬಂದು, ಮುದುಡಿದ ಕಟ್ಟಡವನ್ನು ಕೋಲಿನ ತುದಿಯಲ್ಲಿ ತಿರುಗಿಸಿ ನೋಡಿದರು.

"ಇದ್ ಎಂತ ಮಾರಾಯ?"

"ಹಾಳುಬಿದ್ದ ಕಾರ್ಖಾನೆ. ಯುದ್ಧ ಆದ ಮೇಲೆ."

"ಯಾರ್ ಬಾಂಬ್ ಹಾಕಿದ್?"

"ಯಾರೋ ಹಾಕಿದ್ರು. ಅದೆಲ್ಲ ಆಟದಲ್ಲಿ ಇಲ್ಲ."

"ಬಾಂಬೇ ಬೇಕಂತಿಲ್ಲ ಮಗ. ಬಾಗಿಲ್ ಹಾಕಿ ಮೂರು ಮಳೆಗಾಲ ಬಿಟ್ರೆ ಆಯ್ತ್."

ಮುಂಬಯಿಗೆ ಬಂದು ಅರವತ್ತು ವರ್ಷವಾದರೂ ಅಪ್ಪಯ್ಯನ ಬಾಯಿಂದ ಕುಂದಾಪುರ ಹೋಗಿಲ್ಲ. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು, ಇಲ್ಲಿನ ಲಾಲ್‌ಬಾಗ್‌ನಲ್ಲಿ ಬಟ್ಟೆ ಗಿರಣಿಯ ಗೇಟಿಗೆ ಎದುರಿದ್ದ ಹೋಟೆಲಿನಲ್ಲಿ ಕಪ್ಪು ತೊಳೆಯಲು ನಿಂತವರು. ರಾತ್ರಿ ಶಾಲೆಯಲ್ಲಿ ಏಳನೆಯದು ಮುಗಿಸಿ ಗಲ್ಲಾದಲ್ಲಿ ಕೂತವರು. ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗಿದರೆ ಪಾಳಿ ಬಿಟ್ಟಿತೆಂದೇ ಲೆಕ್ಕ, ಐದು ನಿಮಿಷದೊಳಗೆ ಇನ್ನೂರು ಚಹಾ ಸಿದ್ಧವಿರಬೇಕು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಹೊರಬಿದ್ದರಲ್ಲ, ಆಮೇಲೆ ಆ ಭೋಂಗಾ ಮತ್ತೆ ಹಾಗೆ ಕೂಗಲಿಲ್ಲ. ಹೋಟೆಲು ಕುಂಟುತ್ತಾ ನಡೆಯಿತು. ಎದುರಿನ ಗಿರಣಿ ಹಾಳಾಗುವುದನ್ನು ಅಪ್ಪಯ್ಯ ಗಲ್ಲಾದಲ್ಲೇ ಕೂತು ಹದಿನೈದು ವರ್ಷ ನೋಡಿದರು. ನಾನು ಚಿತ್ರ ನೋಡಿ ಕಲಿತದ್ದು ಅವರಿಗೆ ದಿನವೂ ಕಣ್ಣೆದುರು ಆಗುತ್ತಿದ್ದ ಸಂಗತಿ. ಇದು ನನಗೆ ಅವತ್ತಿನವರೆಗೆ ಹೊಳೆದೇ ಇರಲಿಲ್ಲ.

ಥರ್ಮೋಕೋಲ್ ಕೈಕೊಟ್ಟಿತು ಅಂತ ನಿಲ್ಲುವಂತಿರಲಿಲ್ಲ. ನಮ್ಮ ಸೊಸೈಟಿಯ ಟೆರೇಸಿಗೆ ಆಗಷ್ಟೇ ಬಿಸಿಲು ತಡೆಯುವ ಫೋಮ್ ಹಲಗೆ ಹಾಸಿದ್ದರು. ಗುಲಾಬಿ ಬಣ್ಣದ ಗಟ್ಟಿ ಹಲಗೆ, ಥರ್ಮೋಕೋಲಿನ ಹಾಗೆ ಕಾಳುಕಾಳಾಗಿ ಉದುರುವುದಿಲ್ಲ. ಕಟರ್ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ವಾಚ್‌ಮನ್‌ಗೆ ಹೇಳಿ ಚೂರುಗಳನ್ನೆಲ್ಲ ಚೀಲದಲ್ಲಿ ತುಂಬಿಸಿಕೊಂಡು ಬಂದೆ. ಇದರ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆದರೆ ಇಟ್ಟಿಗೆ. ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಮೇಲೆ ಉರುಳಿಸಿದರೆ ಕಲ್ಲಿನ ಮೈ. ಒಂದೊಂದು ಇಟ್ಟಿಗೆಯನ್ನೂ ಒತ್ತಬೇಕು. ನಾನು ಒಂದು ಗೋಡೆ ಮುಗಿಸುವಷ್ಟರಲ್ಲಿ ಅಪ್ಪಯ್ಯ ಕನ್ನಡಕ ಏರಿಸಿಕೊಂಡು ಇನ್ನೊಂದು ಪೆನ್ನು ಹುಡುಕುತ್ತಿದ್ದರು.

ಜಗಳ ಬಂದದ್ದು ಚಿಮಣಿಗೆ. ಈ ಕಲೆಯಲ್ಲಿ ಒಂದು ರೂಢಿಯಿದೆ: ಚಿಮಣಿ ಅಂದರೆ ಅರ್ಧಕ್ಕೆ ಮುರಿದಿರಬೇಕು. ನಾನು ಫಾಯಿಲ್ ಸುತ್ತಿ ಬರುವ ಕೊಳವೆಯನ್ನು ಅಡ್ಡಾದಿಡ್ಡಿ ಕತ್ತರಿಸಲು ಹೊರಟಿದ್ದೆ. ಅಪ್ಪಯ್ಯ ಕೈ ಹಿಡಿದರು.

"ಚಿಮಣಿ ಬೀಳುದಿಲ್ಲ. ಅದನ್ ಬೀಳ್ಸೂಕೆ ಕೂಲಿ ಕೊಟ್ಟು ಜನ ಇಡ್ಕ್. ಮೊದ್ಲು ಹೋಪುದ್ ಮಾಡು."

ಮಾಡು ಅಂದರೆ ಚಾವಣಿ. ಸರಿಯೇ. ಲೋವರ್ ಪರೇಲ್‌ನ ಫೀನಿಕ್ಸ್ ಗಿರಣಿ ಹೋಗಿ ಮಾಲ್ ಬಂದರೂ ಅದರ ಚಿಮಣಿ ಅಂಗಡಿಗಳ ನಡುವೆ ನಿಂತೇ ಇದೆ. ಹಾಗಾಗಿ ನಮ್ಮದೂ ಪೂರ್ತಿ ನಿಂತಿತು, ಕೊಳವೆಯಿದ್ದಷ್ಟು, ಮೂವತ್ತು ಸೆಂಟಿಮೀಟರ್. 150 ಅಡಿಯ ಚಿಮಣಿಯನ್ನು ನಮ್ಮ ಗೊಂಬೆಗಳ ಅಳತೆಗೆ ಇಳಿಸಿದರೂ ಎಂಬತ್ತು ಸೆಂಟಿಮೀಟರ್ ದಾಟುತ್ತದೆ ಅಂತ ನಾನು ಲೆಕ್ಕ ಹಾಕಿ ಹೇಳಿದ್ದೇ ತಪ್ಪಾಯಿತು. ಆಮೇಲೆ ಮೂರು ದಿನ ಅಪ್ಪಯ್ಯನಿಗೆ ಅದು ಚಿಮಣಿಯಲ್ಲ, "ಬೀಡಿ."

ಚಾವಣಿ ಗರಗಸದ ಹಲ್ಲಿನಂಥದ್ದು. ಗಿರಣಿ ನೋಡಿದವರಿಗೆ ಗೊತ್ತು: ಒಂದು ಬದಿ ಇಳಿಜಾರು, ಇನ್ನೊಂದು ಬದಿ ನೆಟ್ಟಗೆ ಗಾಜು. ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ, ನೇರ ಬಿಸಿಲು ಬೀಳದೆ ನೂಲಿನ ಮೇಲೆ ಒಂದೇ ಸಮನಾದ ಬೆಳಕು ಬರಲಿ ಅಂತ. ನೋಡಲು ಬಲು ಚೆಂದ. ಆಟಕ್ಕೆ ಮಾತ್ರ ದಂಡ, ಇಳಿಜಾರಿನ ಮೇಲೆ ಗೊಂಬೆ ನಿಲ್ಲುವುದಿಲ್ಲ. ಹಾಗಾಗಿ ಎರಡು ಹಲ್ಲು ಉಳಿಸಿ ಮಿಕ್ಕದ್ದನ್ನು ಕುಸಿದಂತೆ ಮಾಡಿದೆವು.

ಇನ್ನು ಬಣ್ಣ. ನಾನು ಇಷ್ಟು ದಿನ ಮಾಡಿದ ಹಾಳು ಊರುಗಳೆಲ್ಲ ಮರುಭೂಮಿಯ ಬಣ್ಣದವು. ಮಣ್ಣು ಕಂದು, ಧೂಳು ಹಳದಿ, ತಗಡಿಗೆಲ್ಲ ಕಿತ್ತಳೆ ತುಕ್ಕು. ಪರದೇಶದ ಮಾದರಿಗಳು ಹಾಗಿರುತ್ತವೆ, ನಾನೂ ಹಾಗೇ ಬಳಿಯುತ್ತಿದ್ದೆ. ಅಪ್ಪಯ್ಯ ನನ್ನ ಹಳೆಯ ತುಂಡುಗಳನ್ನು ಸಾಲಾಗಿ ನೋಡಿ, "ಇಲ್ಲಿ ಮಳೆಯೇ ಬತ್ತಿಲ್ಯಾ?" ಅಂದರು.

ಅಲ್ಲಿಗೆ ನನ್ನ ಕೈ ನಿಂತಿತು. ಪ್ರಳಯ ಅಂದರೆ ನಮ್ಮ ಮಾತಿನಲ್ಲೇ ನೀರು. ಆಲದೆಲೆಯ ಮೇಲೆ ಕೂಸು ತೇಲುವುದು ನೀರಿನಲ್ಲಿ, ಮರಳಿನಲ್ಲಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದಾಗ ಕುರ್ಲಾದ ಹತ್ತಿರ ಹಳಿಯ ಮೇಲೆ ಎದೆಮಟ್ಟ ನೀರಲ್ಲಿ ನಡೆದವನು ನಾನು. ಆಮೇಲೆ ಎಷ್ಟೋ ತಿಂಗಳು ಅಲ್ಲಿನ ಗೋಡೆಗಳ ಮೇಲೆ ನೀರು ನಿಂತ ಗೆರೆ ಕಾಣುತ್ತಿತ್ತು, ಮೇಲೆ ಸುಣ್ಣ, ಕೆಳಗೆ ಕೆಸರು, ನಡುವೆ ಸ್ಕೇಲ್ ಇಟ್ಟು ಎಳೆದ ಹಾಗೆ. ಇದೆಲ್ಲ ಗೊತ್ತಿದ್ದವನು ಯಾವುದೋ ಮರುಭೂಮಿಗೆ ಬಣ್ಣ ಬಳಿಯುತ್ತಾ ಕೂತಿದ್ದೆ.

ಆ ರಾತ್ರಿ ನಾವು ಗೋಡೆಗೆ ನೀರು ಎಲ್ಲಿಂದ ಇಳಿಯುತ್ತದೆ ಅನ್ನುವುದನ್ನಷ್ಟೇ ನೋಡಿದೆವು. ಅಪ್ಪಯ್ಯ ಬೆರಳಿಟ್ಟು ತೋರಿಸುವುದು, ನಾನು ಬಳಿಯುವುದು. ಕಿಟಕಿಯ ದಂಡೆಯ ಎರಡೂ ಮೂಲೆಯಿಂದ ಕಪ್ಪು ಇಳಿಯುತ್ತದೆ, ನಡುವಿನಿಂದ ಅಲ್ಲ. ತುಕ್ಕು ತಗಡಿನ ತುಂಬ ಹರಡುವುದಿಲ್ಲ. ಬೋಲ್ಟಿನ ಬುಡದಲ್ಲಿ, ಕತ್ತರಿಸಿದ ಅಂಚಿನಲ್ಲಿ ಹುಟ್ಟಿ ಅಲ್ಲಿಂದ ಗೆರೆಯಾಗಿ ಇಳಿಯುತ್ತದೆ. ಸಿಮೆಂಟ್ ಶೀಟಿಗಂತೂ ತುಕ್ಕೇ ಇಲ್ಲ, ಅದು ಪಾಚಿ ಹಿಡಿದು ಕಪ್ಪಾಗುತ್ತದೆ. ನಾನು ಅದಕ್ಕೂ ವರ್ಷಗಟ್ಟಲೆ ಕಿತ್ತಳೆ ಬಳಿದಿದ್ದೆ! ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣವನ್ನು ಚಹಾದಷ್ಟು ತೆಳ್ಳಗೆ ಮಾಡಿ, ಬೋಲ್ಟಿನ ತಲೆಗೆ ಒಂದು ಹನಿ ಮುಟ್ಟಿಸಿ ಗೋಡೆಯನ್ನು ನೆಟ್ಟಗೆ ಹಿಡಿದರೆ ಸಾಕು, ಹನಿ ತನ್ನ ದಾರಿ ತಾನೇ ಹುಡುಕಿಕೊಂಡು ಇಟ್ಟಿಗೆಯ ಸಂದಿನಲ್ಲಿ ನಿಂತು ನಿಂತು ಇಳಿಯಿತು. ಒಣಗಿದ ಮೇಲೆ ಒಣ ಬ್ರಶ್ಶಿನಿಂದ ಅಂಚುಗಳಿಗೆ ಬೂದು ತೀಡಿದೆ. ನೆಲದಿಂದ ಮೂರು ಸೆಂಟಿಮೀಟರ್ ಎತ್ತರಕ್ಕೆ ಕೆಸರಿನ ಗೆರೆ. ಹೆಚ್ಚುಕಡಿಮೆ ಗೊಂಬೆಗಳ ಕಣ್ಣಿನ ಮಟ್ಟಕ್ಕೆ.

ಮೋರಿಯ ಪೈಪಿನ ಪಕ್ಕ ಅರಳಿ ಗಿಡ ಬರಲೇಬೇಕು ಅಂತ ಅಪ್ಪಯ್ಯನ ಹಟ. ಹಣ್ಣು ತಿಂದ ಹಕ್ಕಿ ಬೀಜ ಹಾಕುತ್ತದೆ, ಸೋರುವ ಪೈಪು ನೀರು ಕೊಡುತ್ತದೆ. ತೆಳು ತಾಮ್ರದ ತಂತಿಯನ್ನು ಹೊಸೆದು ಬೇರು ಮಾಡಿ ಗೋಡೆಗೆ ಚುಚ್ಚಿದೆ. ನೆಲದ ಕಸಕ್ಕೆ ಚಹಾದ ಚರಟ. ಸೋಸಿದ ಪುಡಿಯನ್ನು ಚೆನ್ನಾಗಿ ತೊಳೆದು, ತವೆಯ ಮೇಲೆ ಗರಿಗರಿ ಒಣಗಿಸಿ ಉದುರಿಸಿದರೆ ಕೊಳೆತ ಎಲೆಯ ಹಾಗೇ ಕಾಣುತ್ತದೆ. ಹಸಿ ಉಳಿದರೆ ಬೂಸ್ಟು ಬರುತ್ತದೆ, ಹಿಂದಿನ ವರ್ಷ ನನ್ನ ಇಡೀ ಬೀದಿಯೊಂದಕ್ಕೆ ಬಿಳಿ ಕೂದಲು ಹುಟ್ಟಿತ್ತು. ಈ ಸಲ ಪುಡಿ ಹುರಿದದ್ದು ಅಪ್ಪಯ್ಯ. ಅದರಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಶುಕ್ರವಾರ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಗಿರಣಿಯ ಗೇಟಿನೆದುರು ಒಂದು ಹೋಟೆಲು ಎದ್ದಿತ್ತು. ಬೆಂಕಿಪೊಟ್ಟಣದಷ್ಟು ಗಲ್ಲಾ, ಮಾತ್ರೆಯ ಫಾಯಿಲಿನ ನೀರಿನ ಡ್ರಮ್ಮು, ಅಂಗಿಯ ಗುಂಡಿಗಳ ಮೇಲೆ ಕಾಗದದ ಕಲ್ಲುಮೇಜು. ಗಲ್ಲಾದ ಮೇಲೆ ಉಗುರಿನಷ್ಟು ಕೆಂಪು ಕಾಗದ ಮಡಚಿ ಇಟ್ಟಿದ್ದರು.

"ಇದೆಂತ?"

"ಉದ್ರಿ ಪುಸ್ತಕ. ಅದ್ ಮಾತ್ರ ಉಳೂದೇ."

ಮುಷ್ಕರದ ಮೊದಲ ತಿಂಗಳುಗಳಲ್ಲಿ ಬರೆದಿಟ್ಟ ಉದ್ರಿ. ಬಾಕಿ ಇದ್ದವರಲ್ಲಿ ಎಷ್ಟೋ ಮಂದಿ ಊರಿಗೆ ಹೋದವರು ತಿರುಗಿ ಬರಲಿಲ್ಲ. ಮೊತ್ತ ಎಷ್ಟು ಅಂತ ನಾನು ಯಾವತ್ತೂ ಕೇಳಿಲ್ಲ, ಅವತ್ತೂ ಕೇಳಲಿಲ್ಲ. ಮುಂದಿನ ಗೋಡೆಯನ್ನು ಅಳತೆಗೆ ತಕ್ಕಂತೆ ನಾನೇ ಕತ್ತರಿಸಿ ಅಂಟಿಸಿ, ಬಾಗಿಲು ಕೊರೆದೆ.

ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ರೈಲುಗಳು ಕಡಿಮೆ. ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ಮುಲುಂಡ್‌ ತಲುಪುವಾಗ ಅರ್ಧ ದಿನ ಕಳೆದಿತ್ತು. ಗೆಳೆಯರು ಗಿರಣಿ ನೋಡಿ ಮಾತಾಡದೆ ಒಂದು ಸುತ್ತು ಬಂದರು. ಒಬ್ಬ ಪಾಚಿಯನ್ನು ಮೂಸಿಯೂ ನೋಡಿದ. ಆಮೇಲೆ ಆಟಕ್ಕೆ ಕೂತರೆ ತೊಂದರೆಗಳು ಹೊರಬಿದ್ದವು. ಗಿರಣಿಯ ಕಿಟಕಿಗಳು ನಿಜವಾದ ಗಿರಣಿಯಲ್ಲಿದ್ದಂತೆ ಎತ್ತರದಲ್ಲಿ, ಯಾವ ಗೊಂಬೆಗೂ ಹೊರಗೆ ಕಾಣದು. ಒಳಗೆ ಹೊಕ್ಕವರು ಗುಂಡು ಹೊಡೆಯಲಾರದೆ ಸುಮ್ಮನೆ ಕೂತರು. ನೀರಿನ ಡ್ರಮ್ಮು ಹೋಟೆಲಿನಲ್ಲಿತ್ತು, ಅದನ್ನು ಹೊತ್ತು ತಂದವರಿಗೆ ಗೆಲುವು ಅಂತ ಮಾತಾಯಿತು. ಮೂರನೇ ಸರದಿಗೆ ನನ್ನ ಗೊಂಬೆ ಹೋಟೆಲಿನ ಬಾಗಿಲಿಗೆ ಬಂತು, ಒಳಗೆ ಹೋಗಲಿಲ್ಲ. ಬಾಗಿಲು 20 ಮಿಲಿಮೀಟರ್, ಪೀಠ 25. ಎರಡು ರೂಪಾಯಿ ನಾಣ್ಯ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು.

ಎಲ್ಲರೂ ನಗುತ್ತಿರುವಾಗಲೇ ಅಪ್ಪಯ್ಯನ ಫೋನು.

"ಹೋಟ್ಲಿಗೆ ಎಂತ ಆಯ್ತ್?"

"ಒಳಗೆ ಯಾರಿಗೂ ಹೋಗ್ಲಿಕ್ಕೆ ಆಗ್ತಾ ಇಲ್ಲ. ಬಾಗಿಲು ಸಣ್ಣದಾಯ್ತು."

ಆ ಕಡೆ ಒಂದು ಗಳಿಗೆ ಸದ್ದಿಲ್ಲ.

"ಬಾಗಿಲ್ ಇಟ್ಟದ್ ಯಾರ್ ಮಾರಾಯ? ನಮ್ಮ ಹೋಟ್ಲಿಗೆ ಬಾಗಿಲ್ ಎಲ್ಲಿತ್ತ್? ಬೆಳಿಗ್ಗೆ ಹಲಗೆ ತೆಗ್ದ್ ಬದಿಗೆ ಇಟ್ರೆ ಆಯ್ತ್, ಪೂರಾ ತೆರೆದದ್ದೇ."

ನಾನು ಫೋನನ್ನು ಭುಜಕ್ಕೆ ಒತ್ತಿ ಹಿಡಿದು ಚೀಲದಿಂದ ಕಟರ್ ತೆಗೆದೆ. ಸರದಿ ಯಾರದ್ದು ಅಂತ ಎದುರಿನವನು ಕೇಳಿದ. ತಡಿ ಅಂದು, ಮುಂದಿನ ಗೋಡೆಯನ್ನು ಮೇಲಿಂದ ಕೆಳಗೆ ಕೊಯ್ದೆ.